ಹೊಂಗೆ ಮರಕ್ಕೆ ಕೊಟ್ಟ ಮಾತು

ಬಸ್ಸಿಳಿದ ಎಂಜಿನಿಯರ್ ಅರ್ಪಿತಾ ಚೀಲದಿಂದ ಅಳತೆಯ ಟೇಪು ಹೊರತೆಗೆದಳು. ಉಡಚಮ್ಮನಿಗೆ ಅಷ್ಟರಲ್ಲೇ ಸಮಾಚಾರ ತಿಳಿದುಹೋಯಿತು. ಬಸ್ ತಂಗುದಾಣದ ಖರ್ಚು ಮತ್ತೆ ಏರಿದೆ. ಆ ಟೇಪು ಹೊರಬಂದಾಗಲೆಲ್ಲ ದರ ಏರಿತ್ತೇ ಹೊರತು ಗೋಡೆ ಏರಿರಲಿಲ್ಲ. ಸವಳಂಗದಿಂದ ನ್ಯಾಮತಿಗೆ ಹೋಗುವ ದಾರಿಯ ಈ ಕ್ರಾಸಿನಲ್ಲಿ ಇದುವರೆಗೆ ಎದ್ದು ನಿಂತದ್ದು ಒಂದು ಕಮಾನು ಮಾತ್ರ. ಎರಡು ಕಂಬ, ಮೇಲೊಂದು ಬಣ್ಣದ ಪಟ್ಟಿ, ಪಟ್ಟಿಯ ತುಂಬ ದೊಡ್ಡವರ ಹೆಸರುಗಳು.

ಉಡಚಮ್ಮ ಕಮಾನಿನ ಪಕ್ಕ ಕೊಡೆ ಹಿಡಿದು ನಿಂತಿದ್ದಳು. ಕೊಡೆಯ ಕೆಳಗೆ ಅವಳಿಗೇ ಜಾಗವಿರಲಿಲ್ಲ. ನ್ಯಾಮತಿಗೆ ಹೊರಟಿದ್ದ ಹುಲಿಗೆಮ್ಮ, ಅವಳ ಕಂಕುಳಲ್ಲಿದ್ದ ಕೂಸು, ಮಂಡಿನೋವಿನ ಮುದುಕ ಧರ್ಮಪ್ಪ, ಇವರಿಗೇ ಆ ನೆರಳು ಸಾಲುತ್ತಿರಲಿಲ್ಲ.

"ಏನವ್ವಾ, ಮತ್ತೆ ಅಳಿಯಾಕೆ ಬಂದ್ರಾ?" ಎಂದಳು ಉಡಚಮ್ಮ.

"ಹೂಂ ಅಮ್ಮಾ. ಕಬ್ಬಿಣ, ಸಿಮೆಂಟು ಎಲ್ಲಾ ತುಟ್ಟಿ ಆಗೈತೆ. ಹಳೇ ದರಕ್ಕೆ ಯಾವ ಕಂಟ್ರಾಕ್ಟರೂ ಮುಂದೆ ಬರ್ತಿಲ್ಲ. ಹೊಸ ಎಸ್ಟಿಮೇಟ್ ಮಾಡಿ ದಾವಣಗೆರೆಗೆ ಕಳಿಸ್ಬೇಕು. ಅದು ಮಂಜೂರಾಗಿ ಬರೋ ಹೊತ್ತಿಗೆ ಮತ್ತೆ ದರ ಏರದಿದ್ರೆ ಸಾಕು."

"ಕಮಾನು ಕಟ್ಟಾಕೆ ಮಾತ್ರ ಏನೂ ತುಟ್ಟಿ ಆಗ್ಲಿಲ್ವಾ?"

"ಕಮಾನು ಬೇಕೇ ಬೇಕು ಅಂತ ಹಟ ಹಿಡಿದೋರು ನಿಮ್ಮೂರೋರೇ ಅಲ್ವೇನಮ್ಮಾ? ಪಕ್ಕದ ಊರಿನದಕ್ಕಿಂತ ಎತ್ತರ ಇರ್ಬೇಕು ಅಂದ್ರು. ಇದ್ದ ದುಡ್ಡೆಲ್ಲ ಅದಕ್ಕೇ ಹೋತು."

ಅದೇನೂ ಸುಳ್ಳಲ್ಲ. ಊರ ಸಭೆಯಲ್ಲಿ ಪಂಚಾಯ್ತಿ ಮೆಂಬರ್ ಕೆಂಚೇಶ್ ಎದ್ದು ನಿಂತು ಕಮಾನಿನ ಮಾತೆತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಉಡಚಮ್ಮನೂ ತಟ್ಟಿದ್ದಳು. ಸೂರಿನ ಜೊತೆಗೆ ಕಮಾನೂ ಬರುತ್ತದೆ ಎಂದುಕೊಂಡಿದ್ದಳು, ಪಾಪ. ಸೂರಿನ ಬದಲಿಗೆ ಬರುತ್ತದೆ ಎಂದು ಯಾರು ತಾನೇ ಅಂದುಕೊಂಡಾರು?

ಕಮಾನು ನಿಂತಿರುವ ಕಡೆ ಮೊದಲು ಒಂದು ಹೊಂಗೆ ಮರವಿತ್ತು. ಉಡಚಮ್ಮನ ಹೊಲದ ಅಂಚಿನದು, ಅವಳ ಅತ್ತೆ ನೀರೆರೆದು ಬೆಳೆಸಿದ್ದು. ಬಸ್ಸಿಗೆ ಬಂದವರೆಲ್ಲ ಅದರ ಕೆಳಗೇ ಕೂರುತ್ತಿದ್ದರು. ಮರ ತೆಗೆಯಲು ಒಪ್ಪಿದರೆ ಯುಗಾದಿಯೊಳಗೆ ಸೂರು ಎದ್ದು ನಿಲ್ಲುತ್ತದೆ ಎಂದು ಇದೇ ಅರ್ಪಿತಾ ಹೇಳಿದ್ದಳು. ಉಡಚಮ್ಮ ಎರಡು ದಿನ ಊಟ ಸೇರದೆ ಯೋಚಿಸಿ, ಕೊನೆಗೆ ಹೂಂ ಅಂದಳು. ಕೊಡಲಿ ಬೀಳುವ ಮುಂಚೆ ಗಂಡನ ಮನೆಗೆ ಹೊರಟ ಮಗಳಿಗೆ ಮಾಡುವಂತೆ ಮರಕ್ಕೆ ಉಡಿ ತುಂಬಿದಳು. ಕಾಂಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಕುಬುಸದ ಖಣ ಸುತ್ತಿ, ಅಕ್ಕಿ, ಕಾಯಿ, ಎಲೆ ಅಡಿಕೆ ಇಟ್ಟು, ತೊಗಟೆಯ ಮೇಲೆ ಕೈಯಿಟ್ಟು ಹೇಳಿದ್ದಳು: "ನಿನ್ನ ಜಾಗದಾಗೆ ಸೂರು ಬರ್ತೈತೆ ಕಣವ್ವಾ. ನಿನ್ನ ನಂಬಿ ಬಂದೋರ್ನ ಬಿಸ್ಲಾಗೆ ನಿಲ್ಲಾಕೆ ಬಿಡಲ್ಲ." ಮರ ಕಡಿಯಲು ಬಂದವರು ಮುಸಿಮುಸಿ ನಕ್ಕಿದ್ದರು. ಆ ಯುಗಾದಿ ಹೋಯಿತು, ಅದರ ಮುಂದಿನದೂ ಹೋಯಿತು.

ಅರ್ಪಿತಾ ಅಳತೆ ಮುಗಿಸಿ ಬೆವರು ಒರೆಸಿಕೊಳ್ಳುತ್ತ ಬಂದಳು. ಅವಳೂ ವಾಪಸು ಅದೇ ನ್ಯಾಮತಿ ಬಸ್ಸಿಗೇ ಹೋಗಬೇಕಿತ್ತು.

"ಹತ್ರ ಬರ್ರಿ, ನೆತ್ತಿ ಸುಡ್ತೈತೆ," ಎಂದು ಉಡಚಮ್ಮ ಕೊಡೆಯನ್ನು ಅವಳತ್ತ ವಾಲಿಸಿದಳು.

"ನೀವು ಎಲ್ಲಿಗೆ ಹೊರಟ್ರಿ ಅಮ್ಮಾ?"

"ನಾನೆಲ್ಲಿಗೂ ಇಲ್ಲ."

ಧರ್ಮಪ್ಪ ನಡುವೆ ಬಾಯಿ ಹಾಕಿದ. "ದಿನಾ ಮಧ್ಯಾಹ್ನ ಹಿಂಗೇ ಬರ್ತಾಳೆ ಮೇಡಂ. ಬಸ್ ಬರೋಗಂಟ ಕೊಡೆ ಹಿಡ್ಕಂಡು ನಿಲ್ತಾಳೆ. ಬ್ಯಾಡ ಅಂದ್ರೆ ಕೇಳಲ್ಲ."

ಅರ್ಪಿತಾಳಿಗೆ ನಗು ಬಂತು. "ಯಾಕಮ್ಮಾ, ಏನಾದ್ರೂ ಹರಕೆನಾ?"

"ಹರಕೆ ಅಲ್ಲ ಕಣವ್ವಾ. ನೀವು ನನಗೆ ಹೇಳಿದ್ರಿ, ನಾನು ಮರಕ್ಕೆ ಹೇಳ್ದೆ."

ಅರ್ಪಿತಾಳ ನಗು ಅಲ್ಲೇ ನಿಂತಿತು. ಅಂದು ಅವಳೂ ಇಲ್ಲೇ ಇದ್ದಳು. ಉಡಿ ತುಂಬಿದ ಕಾಯಿ ಒಡೆದು ಉಡಚಮ್ಮ ಹಂಚಿದಾಗ ಒಂದು ಚೂರು ತಿಂದೂ ಇದ್ದಳು.

"ಈ ಸರ್ತಿ ಆಗೇ ಆಗ್ತೈತಮ್ಮಾ. ಮೇಲಿಂದ ಮಂಜೂರಾಗಿ ಬಂದ ಕೂಡ್ಲೇ..."

"ಆಗ್ಲಿ ಬಿಡು. ನಿನ್ನ ತಪ್ಪೇನೈತೆ," ಎನ್ನುತ್ತ ಉಡಚಮ್ಮ ಕೊಡೆಯ ಹಿಡಿಯನ್ನು ಅವಳ ಕೈಗಿತ್ತಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಒಂಚೂರು ಹಿಡ್ಕೊ ತಾಯಿ. ನನ್ನ ರಟ್ಟೆ ಸೋತೈತೆ. ಹೊಲದಾಗೆ ಆಳು ಕಾಯ್ತಾವೆ."

ಅರ್ಪಿತಾ ಟೇಪನ್ನು ಚೀಲಕ್ಕೆ ತುರುಕಿ ಕೊಡೆ ಹಿಡಿದುಕೊಂಡಳು. ಉಡಚಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬದುವಿನ ಮೇಲೆ ನಡೆದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದೆ ಹಾರನ್ ಕೇಳಿಸಿತು. ಬಸ್ಸು ನಿಂತ ಸದ್ದು, ಕೂಸು ಅತ್ತ ಸದ್ದು, ಕಂಡಕ್ಟರನ "ರೈಟ್". ಬಸ್ಸು ಧೂಳೆಬ್ಬಿಸಿ ಹೊರಟುಹೋಯಿತು. ಅರ್ಪಿತಾ ಕೊಡೆಯನ್ನು ಕಮಾನಿನ ಕಂಬಕ್ಕೆ ಒರಗಿಸಿ ಹೋಗಿರುತ್ತಾಳೆ, ಗಾಳಿಗೆ ಹಾರಿಹೋದೀತು ಎಂದುಕೊಂಡು ಉಡಚಮ್ಮ ತಿರುಗಿ ನೋಡಿದಳು.

ಹುಲಿಗೆಮ್ಮ ಇರಲಿಲ್ಲ, ಧರ್ಮಪ್ಪ ಇರಲಿಲ್ಲ. ಗೋವಿನಕೋವಿ ಕಡೆಯಿಂದ ಗಂಟು ಹೊತ್ತು ಓಡೋಡಿ ಬಂದು ಬಸ್ಸು ತಪ್ಪಿಸಿಕೊಂಡ ಮುದುಕಿ ಗಾದ್ರಮ್ಮ ಕಮಾನಿನ ಪಕ್ಕ ಏದುಸಿರು ಬಿಡುತ್ತ ನಿಂತಿದ್ದಳು. ಅವಳ ತಲೆಯ ಮೇಲೆ ಕೊಡೆಯಿತ್ತು. ಅದನ್ನು ಹಿಡಿದಿದ್ದ ಎಂಜಿನಿಯರಮ್ಮನ ತಲೆ ಮಾತ್ರ ಬಿಸಿಲಿನಲ್ಲೇ ಇತ್ತು.