ಗಂಗಮ್ಮನ ಮುನಿಸು

ಬಸವಣ್ಯಪ್ಪನವರ ಪೆಟ್ರೋಲ್ ಬಂಕಿನ ನೆಲ ಕೊರೆದು ತಪಾಸಣೆಯವರು ಎತ್ತಿದ ಮಣ್ಣು ಆಫೀಸು ಕೋಣೆಯಲ್ಲಿ ಕಾಗದದ ಮೇಲೆ ಉದುರಿತು. ಪಕ್ಕದ ಮನೆಯ ವರದಮ್ಮ ಒಂದು ಚಿಟಿಕೆ ಎತ್ತಿ ಮೂಸಿದರು. "ಇದೇ ವಾಸ್ನೆ ಕಣ್ರೀ. ನಮ್ಮ ಬಾವಿ ನೀರು ಕುಡಿದ್ರೆ ಗಂಟ್ಲಲ್ಲಿ ನಿಲ್ತಿತ್ತಲ್ಲ, ಅದೇ."

ನೀರು ಕೆಟ್ಟಾಗ ಅವರು ಸೊಸೆಯನ್ನು ಬೈದಿದ್ದರು. ಬಾಣಂತಿ ಗಂಗೆಪೂಜೆಗೆ ಮೊದಲೇ ಬಾವಿ ಮುಟ್ಟಿದ್ದಕ್ಕೆ ಗಂಗಮ್ಮ ಮುನಿದಳೆಂದು. ನೆಲದಡಿಯ ಟ್ಯಾಂಕು ಸೋರುವುದು ಗೊತ್ತಿದ್ದೂ ಬಸವಣ್ಯಪ್ಪ, "ಇದ್ದೀತು, ಶಾಂತಿ ಮಾಡ್ಸಿ" ಎಂದಿದ್ದರು. ಹೋಗಿ ಪ್ರಸಾದವನ್ನೂ ಉಂಡಿದ್ದರು.

"ಪಾಪ, ನೆಲದೊಳಗಿಂದು ನಿಮಗಾದ್ರೂ ಹೆಂಗೆ ಗೊತ್ತಾಗ್ಬೇಕು ಬಿಡ್ರೀ" ಎಂದರು ವರದಮ್ಮ, ಬಸವಣ್ಯಪ್ಪನವರ ಕಡೆ ತಿರುಗಿ.

ಸೊಸೆ ಸಂಗೀತ ಮಗುವನ್ನೆತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ದಿನವೂ ಬೆಳಿಗ್ಗೆ ಟ್ಯಾಂಕಿಗೆ ಇಳಿಬಿಟ್ಟು ಎಣ್ಣೆ ಅಳೆಯುವ ಕೋಲನ್ನು ಬಸವಣ್ಯಪ್ಪ ಮೂಲೆಯಿಂದ ತಂದು ಅವಳ ಕಾಲ ಬಳಿ ಇಟ್ಟರು.

"ಸೋರ್ತದೆ ಅಂತ ಇದು ನಂಗೆ ದಿನಾ ಹೇಳ್ತಿತ್ತು, ತಂಗೀ."