ಗೇರನ ತಾಯಿ

ಕೊಯ್ಲು ಮುಗಿದ ಸಂಜೆ, ಬೆನ್ಯಾಮೀನನ ಕುಲದವರ ಗುಡಾರಗಳ ಮುಂದೆ ಮುದುಕ ಓಬೇದ ವಂಶಾವಳಿ ಹೇಳತೊಡಗಿದ. ಹೆಸರು ಕರೆದಂತೆಲ್ಲ ಸತ್ತವರು ಪ್ರತಿವರ್ಷದ ಹಾಗೆ ಬಂದು, ತಮ್ಮವರ ಪಕ್ಕ ಚಾಪೆಯ ಮೇಲೆ ಕೂತು ರೊಟ್ಟಿ ಮುರಿದರು. ನಾರಾಳ ಗಂಡನೂ ಬಂದ.

"ಯೆಮೀಮ ಎಲ್ಲೇ? ಕಾಣ್ತಾನೇ ಇಲ್ಲ?"

ಮಗಳು ಚಳಿಗಾಲದ ಜ್ವರಕ್ಕೆ ತೀರಿಕೊಂಡದ್ದು ಅವನಿಗೆ ಗೊತ್ತಿರಲಿಲ್ಲ. "ಬರ್ತಾಳೆ, ನೀವು ತಿನ್ನಿ," ಎಂದು ನಾರಾ ಓಬೇದನ ಬಳಿಗೆ ಓಡಿದಳು.

"ಅಜ್ಜಾ, ನನ್ನ ಮಗಳನ್ನೂ ಒಂದ್ಸಲ ಕರಿ."

"ಅಪ್ಪಂದಿರ ಸಾಲಲ್ಲಿ ಕರೆದರೆ ಹೆಣ್ಣುಮಕ್ಕಳು ಬರಲ್ಲ ತಾಯಿ. ನನ್ನ ಮಗಳನ್ನೇ ಕರೆದು ಸೋತಿದೀನಿ. ಮೊದಲ ತಾಯಿವರೆಗೂ ಅಮ್ಮಂದಿರ ಸಾಲು ಹಿಡಿದು ನೀನೇ ಕರಿ. ನಡುವೆ ಒಂದು ಹೆಸರೂ ತಪ್ಪಬಾರದು."

ನಾರಾ ಕಣ್ಣು ಮುಚ್ಚಿದಳು. "ಯೆಮೀಮಳನ್ನು ಹೆತ್ತವಳು ನಾರಾ. ನಾರಾಳನ್ನು ಹೆತ್ತವಳು ಹೆಲಾ. ಹೆಲಾಳನ್ನು ಹೆತ್ತವಳು..."

ತನ್ನನ್ನು ಎತ್ತಿ ಆಡಿಸಿದ ಆ ಅಜ್ಜಿಯನ್ನು ಊರೆಲ್ಲ 'ಗೇರನ ತಾಯಿ' ಎಂದೇ ಕರೆಯುತ್ತಿತ್ತು. ಆ ಗೇರ, ಅವಳ ಸೋದರಮಾವ, ಸತ್ತವರ ನಡುವೆ ಅಲ್ಲೇ ಕೂತಿದ್ದ.

"ಮಾವಾ, ನಿಮ್ಮ ತಾಯಿ ಹೆಸರೇನು?"

ಗೇರ ಕೈಲಿದ್ದ ರೊಟ್ಟಿಯನ್ನು ಚಾಪೆಯ ಮೇಲಿಟ್ಟ.

"ಅಮ್ಮ ಅಂತಿದ್ದೆ ಕಣೇ ಕೂಸೇ," ಎಂದು ತಲೆ ತಗ್ಗಿಸಿದ.

ನಾರಾ ಹಿಂತಿರುಗಿದಾಗ, ಗಂಡ ಮಗಳಿಗೆಂದು ಅರ್ಧ ರೊಟ್ಟಿ ತೆಗೆದಿಟ್ಟುಕೊಂಡು ದಾರಿ ನೋಡುತ್ತಿದ್ದ.