ಭದ್ರವಾದ ಸರ್ಟಿಫಿಕೇಟು

"ಮಾಫಿ ಮೇಡಂ, ಪ್ಲಾಸ್ಟಿಕ್ ಮೇಲೆ ಸೀಲು ಕೂರೋದಿಲ್ಲ. ತೆಗೆದು ಕೊಡಿ," ಎಂದು ಅಬುಧಾಬಿಯ ಅಟೆಸ್ಟೇಷನ್ ಕೌಂಟರಿನವನು ರುಬೀನಳ ಡಿಗ್ರಿ ಸರ್ಟಿಫಿಕೇಟನ್ನು ಹಿಂದಕ್ಕೆ ತಳ್ಳಿದ. ವಿಶ್ವವಿದ್ಯಾಲಯದ ಶಿಕ್ಷಕ ತರಬೇತಿಗೆ ಸೇರಲು ಇಂದೇ ಕೊನೆಯ ದಿನ. ಆ ಸೀಲೊಂದೇ ಬಾಕಿ.

ಮದುವೆಯಾದ ವಾರವೇ ಗಂಡ ಬದ್ರುದ್ದೀನ್ ಮಾಡಿಸಿದ ಲ್ಯಾಮಿನೇಷನ್ ಅದು. ಅಷ್ಟು ದಪ್ಪದ್ದು ಏಳು ಎಮಿರೇಟಿನಲ್ಲೂ ಇನ್ನೊಂದಿಲ್ಲ. ಮಂಗಳೂರಿನಿಂದ ಅದನ್ನೇ ದೋಣಿ ಮಾಡಿಕೊಂಡು ಬರಬಹುದಿತ್ತು.

"ನಿನ್ನ ಓದು ಹಾಳಾಗ್ಬಾರ್ದು ಅಂತಲ್ವಾ ಮಾಡ್ಸಿದ್ದು ಮಾರಾಯ್ತಿ," ಎನ್ನುತ್ತಾ ಪಕ್ಕದಲ್ಲೇ ನಿಂತಿದ್ದ ಅವನೇ ಮೂಲೆಗೆ ಉಗುರು ಹಾಕಿದ.

"ಮೆಲ್ಲ ಎಳೀರಿ ಮಾರಾಯ್ರೆ."

ಪ್ಲಾಸ್ಟಿಕ್ ಎದ್ದು ಬಂತು. ಅದಕ್ಕಂಟಿಕೊಂಡು ಅವಳ ಹೆಸರು, ದರ್ಜೆ, ಕುಲಪತಿಗಳ ಸಹಿ ಎಲ್ಲವೂ ಬಂದವು. ರುಬೀನಳ ಕೈಯಲ್ಲಿ ಬಿಳಿ ಕಾಗದ ಉಳಿಯಿತು. ಬದ್ರುದ್ದೀನ್ ಪ್ಲಾಸ್ಟಿಕ್ಕನ್ನು ಮತ್ತೆ ಅದರ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತತೊಡಗಿದ.